ಇಲಿಯಮ್ಮನ ಭಾಗ್ಯ

ಅಮೃತಬಳ್ಳಿ ಕುಡಿಯುವುದೇ ಹಣೆಬರಹವಾದರೆ ಮನುಷ್ಯರಾಗಿ ಕುಡಿಯಬೇಡಿ, ಪ್ರಯೋಗಾಲಯದ ಬಿಳಿ ಇಲಿಯಾಗಿ ಕುಡಿಯಿರಿ.

ಅಲ್ಲಿನ ಉಪಚಾರ ನೋಡಿ. ಮೊದಲು ಪ್ರಾಣಿಗಳ ನೈತಿಕ ಸಮಿತಿ ಕೂತು ಒಪ್ಪಿಗೆ ಕೊಡಬೇಕು. ಕುಡಿಸುವ ವಸ್ತು ಎಷ್ಟು ವಿಷಕಾರಿ ಎಂದು ನೋಡಲು ಒಇಸಿಡಿ ಎಂಬ ಅಂತರರಾಷ್ಟ್ರೀಯ ಸಂಸ್ಥೆ ಬರೆದ 423ನೇ ಮಾರ್ಗಸೂಚಿಯಂತೆ 22 ಡಿಗ್ರಿ ಆಸುಪಾಸಿನ ತಂಪು ಕೋಣೆ, 12 ಗಂಟೆ ಬೆಳಕು, 12 ಗಂಟೆ ಕತ್ತಲು. ಸಾಮಾನ್ಯವಾಗಿ ಹೆಣ್ಣಿಲಿಗಳು, ಸಲಕ್ಕೆ ಮೂರು. ಬಳ್ಳಿ ಅಸಲಿಯೇ ಎಂದು ಸಸ್ಯಶಾಸ್ತ್ರಜ್ಞರು ಗುರುತಿಸಿ, ಮಾದರಿಯನ್ನು ಒಣಗಿಸಿ ನಂಬರ್ ಹಾಕಿಡುತ್ತಾರೆ. ಕುಡಿಸಿದ ಅರ್ಧ ಗಂಟೆಯೊಳಗೆ ಒಮ್ಮೆ ನೋಡಬೇಕು, ಮೊದಲ ನಾಲ್ಕು ಗಂಟೆ ವಿಶೇಷ ನಿಗಾ, ಆಮೇಲೆ 14 ದಿನ ನಿತ್ಯ ವಿಚಾರಣೆ. ನಡುಕ ಬಂತೇ? ಜೊಲ್ಲು ಸುರಿಯಿತೇ? ನಿದ್ದೆ ಜಾಸ್ತಿಯೇ? ಮದುವೆಯಾದ ಹೊಸತರಲ್ಲೂ ನಮ್ಮನ್ನು ಯಾರೂ ಇಷ್ಟು ವಿಚಾರಿಸಿಲ್ಲ. (ಕೊನೆಗೆ ಕೊಯ್ದು ನೋಡುತ್ತಾರೆ, ಅದೊಂದು ಕೊರತೆ.)

ಮನುಷ್ಯನಿಗೆ ವಾಟ್ಸಾಪೇ ನೈತಿಕ ಸಮಿತಿ. 2020ರಲ್ಲಿ ಕಾಂಪೌಂಡಿಗೆ ಹಬ್ಬಿದ ಬಳ್ಳಿಯೆಲ್ಲ ಅಮೃತಬಳ್ಳಿಯಾಯಿತು. ಎಷ್ಟು ಹಾಕಬೇಕು? ಒಂದು ಹಿಡಿ. ಯಾರ ಹಿಡಿ, ಅತ್ತೆಯದೋ ಮೊಮ್ಮಗುವಿನದೋ? ಎಷ್ಟು ದಿನ? ಕೊರೋನಾ ಹೋಗುವ ತನಕ.

2021ರಲ್ಲಿ ಮುಂಬೈನ ವೈದ್ಯರು, ಇದನ್ನು ಸೇವಿಸಿದ ಆರು ಮಂದಿಯ ಲಿವರ್‌ಗೆ ಪೆಟ್ಟಾಗಿದೆ ಎಂದು ವರದಿ ಮಾಡಿದರು. ಆಯುಷ್ ಸಚಿವಾಲಯಕ್ಕೆ ಸಿಟ್ಟು ಬಂತು: ಅದು ಅಮೃತಬಳ್ಳಿಯೇ ಎಂದು ನೀವು ಪರೀಕ್ಷಿಸಿಲ್ಲ, ಅದರ ದಾಯಾದಿ ಟಿನೋಸ್ಪೊರಾ ಕ್ರಿಸ್ಪಾ ಇದ್ದೀತು! ನ್ಯಾಯವಾದ ಮಾತೇ. ಆದರೆ ಸ್ವಾಮಿ, ಗುರುತು ನೋಡಿ ಕುಡಿಸುವ ಏರ್ಪಾಡು ಇರುವುದು ಇಲಿಗೆ ಮಾತ್ರ.

ಕಾನೂನಂತೂ ಇನ್ನೂ ಉದಾರಿ. ನಮ್ಮ ಔಷಧ ಕಾನೂನಿನ 158ಬಿ ನಿಯಮದ ಪ್ರಕಾರ, ಆಯುರ್ವೇದದ ಶಾಸ್ತ್ರಗ್ರಂಥದಲ್ಲಿ ಹೇಳಿದಂತೆಯೇ ತಯಾರಿಸಿದ ಔಷಧದ ಲೈಸೆನ್ಸಿಗೆ ಸುರಕ್ಷತಾ ಅಧ್ಯಯನವೇ ಬೇಡ. ಗ್ರಂಥದ ಕಾಲದಲ್ಲಿ ವೈದ್ಯರು ನಾಡಿ ಹಿಡಿದು ಕೊಡುತ್ತಿದ್ದರು. ಈಗ ಆನ್‌ಲೈನ್‌ನಲ್ಲಿ ಒಂದು ಕೊಂಡರೆ ಇನ್ನೊಂದು ಉಚಿತ.

ಪರೀಕ್ಷೆ ಮಾಡಿಸುವ ಜಾಣರೂ ಇದ್ದಾರೆ. ಕೆಜಿ ತೂಕಕ್ಕೆ 2000 ಮಿಲಿಗ್ರಾಂ ಒಂದೇ ಸಲ ಕುಡಿಸಿ, 14 ದಿನ ಇಲಿ ಸಾಯದಿದ್ದರೆ ಡಬ್ಬಿಯ ಮೇಲೆ ‘ಯಾವುದೇ ಅಡ್ಡಪರಿಣಾಮವಿಲ್ಲ’. ನಿತ್ಯ ಕುಡಿಸಿ ನೋಡುವ 28 ದಿನದ್ದು, 90 ದಿನದ್ದು ಬೇರೆ ಪರೀಕ್ಷೆಗಳಿವೆ, ಖರ್ಚೂ ಇದೆ. ಆ ಇಲಿಗೆ ಶುಗರ್ ಇರಲಿಲ್ಲ, ಬಿಪಿ ಮಾತ್ರೆಯ ಮೇಲೆ ಅದು ಕಷಾಯ ಕುಡಿದಿರಲಿಲ್ಲ ಎಂದರೆ ಕೇಳುವವರು ಯಾರು?

‘ಗಿಡಮೂಲಿಕೆ ತಾನೇ, ನೈಸರ್ಗಿಕ, ಏನಾಗುತ್ತೆ?’ ಅನ್ನುತ್ತಾರೆ. ಅದೇ ಔಷಧ ಕಾನೂನಿನಲ್ಲಿ ಇ(1) ಎಂಬ ವಿಷಪದಾರ್ಥಗಳ ಪಟ್ಟಿಯಿದೆ. ಉಮ್ಮತ್ತಿ, ಗುಲಗಂಜಿ, ವತ್ಸನಾಭಿ ಎಲ್ಲ ಅದರಲ್ಲಿವೆ. ಮೂರೂ ನೂರಕ್ಕೆ ನೂರು ನೈಸರ್ಗಿಕ.