ಹೋಗದ ನೆಂಟ

ನಮ್ಮ ಕಡೆ ಹೋಟೆಲು ಎಂದರೆ ಮೊದಲು ಕಣ್ಣೆದುರು ಬರುವುದು ಇಡ್ಲಿ ಕಾಫಿ; ರಾತ್ರಿ ಮಲಗುವ ಮಾತು ಬಂದರೆ ಲಾಡ್ಜು ಎನ್ನುತ್ತೇವೆ. ಎರಡರ ಕರಾರೂ ಒಂದೇ: ಬಿಲ್ಲು ಕೊಟ್ಟ ಮೇಲೆ ಎದ್ದು ಹೋಗಬೇಕು. ಹೋಟೆಲೇ ಮನೆಯಾಗಿಬಿಟ್ಟರೆ ಈ ಕರಾರು ಏನಾಗುತ್ತದೆ ಎಂದು ಯೋಚಿಸಿದಾಗಲೆಲ್ಲ ನನಗೆ ಫ್ರಾನ್ಸಿನ ವಿಶಿ ಪಟ್ಟಣದ ಹೋಟೆಲ್ ದು ಪಾರ್ಕ್ ನೆನಪಾಗುತ್ತದೆ.

ವಿಶಿ ಖನಿಜ ನೀರಿನ ಬುಗ್ಗೆಗಳ ಊರು. ಜೀರ್ಣಶಕ್ತಿ ಕೈಕೊಟ್ಟ ಸಿರಿವಂತರು 21 ದಿನಗಳ ಲೆಕ್ಕ ಹಾಕಿಕೊಂಡು ಇಲ್ಲಿಗೆ ಬಂದು, ವೈದ್ಯರು ಗೊತ್ತುಮಾಡಿದ ಬುಗ್ಗೆಯ ನೀರನ್ನು ಗೊತ್ತುಮಾಡಿದ ಹೊತ್ತಿಗೆ ಅಳೆದು ಕುಡಿದು, ಸಂಜೆ ಸಂಗೀತ ಕೇಳಿ ಮಲಗುತ್ತಿದ್ದರು. 1861ರಲ್ಲಿ ಚಕ್ರವರ್ತಿ ಮೂರನೆಯ ನೆಪೋಲಿಯನ್ನನೇ ಬಂದಮೇಲಂತೂ ಊರಿನ ಅದೃಷ್ಟ ಖುಲಾಯಿಸಿತು. ಮಳೆ ಬಂದರೂ ನೆನೆಯದೆ ತಿರುಗಾಡಲೆಂದು ಬುಗ್ಗೆಗಳ ಉದ್ಯಾನದ ಅಂಚಿಗೆ ಹಾಕಿದ ಕಬ್ಬಿಣದ ಚಪ್ಪರ 1889ರ ಪ್ಯಾರಿಸ್ ವಸ್ತುಪ್ರದರ್ಶನದಿಂದ ಬಂದದ್ದು. ಆ ನೀರಿನ ಲವಣ ಬೆರೆಸಿದ, ಎಂಟು ಮೂಲೆಯ ಬಿಳಿಯ ಪೆಪ್ಪರಮೆಂಟೂ ಉಂಟು; ಉಪ್ಪುನೀರನ್ನು ಗುಟುಕರಿಸುವುದಕ್ಕಿಂತ ಅದನ್ನು ಚೀಪುವುದೇ ಜಾಣತನ ಎಂದು ನನ್ನ ಅನಿಸಿಕೆ.

1940ರ ಜುಲೈಯಲ್ಲಿ, ಜರ್ಮನರಿಗೆ ಸೋತ ಫ್ರಾನ್ಸಿನ ಸರಕಾರ ಈ ಊರಿಗೆ ಬಂದಿಳಿಯಿತು. ಅದು ವಿಶಿಯನ್ನು ಆರಿಸಿಕೊಂಡ ಕಾರಣ ಅಪ್ಪಟ ಸಂಸಾರಸ್ಥರದು: ಖಾಲಿ ಕೋಣೆಗಳು ಬೇಕಾದಷ್ಟಿದ್ದವು, ಟೆಲಿಫೋನು ವ್ಯವಸ್ಥೆ ಚೆನ್ನಾಗಿತ್ತು. ಸರಕಾರದ ಮುಖ್ಯಸ್ಥರಾದ ಎಂಬತ್ತನಾಲ್ಕು ವರ್ಷದ ಮಾರ್ಷಲ್ ಪೆತೇನ್ ಹೋಟೆಲ್ ದು ಪಾರ್ಕಿನ ಮೂರನೆಯ ಮಹಡಿಯಲ್ಲಿ ಬಿಡಾರ ಹೂಡಿದರು. ಅವರ ಮಂತ್ರಿ ಲವಾಲ್ ಅವರದು ಕೆಳಗಿನ ಮಹಡಿ. ಜುಲೈ 10ರಂದು ಅಲ್ಲಿಯ ಕ್ಯಾಸಿನೊದ ರಂಗಮಂದಿರದಲ್ಲಿ ಸೇರಿದ ಸಂಸತ್ತು, 80 ಮಂದಿ ಬೇಡವೆಂದರೂ, 569 ಮತಗಳಿಂದ ಸರ್ವಾಧಿಕಾರವನ್ನು ಪೆತೇನರ ಕೈಗಿತ್ತಿತು. ಬೇಸಿಗೆಯ ಗಿರಾಕಿಗಳನ್ನು ನೆಚ್ಚಿ ಕಟ್ಟಿದ ಹೋಟೆಲುಗಳಲ್ಲಿ ಚಳಿ ಕಾಯಿಸುವ ಏರ್ಪಾಟು ಸಾಲದ್ದರಿಂದ, ಮಂತ್ರಾಲಯಗಳು ಕೋಣೆಗಳಲ್ಲಿ ಸೌದೆ ಒಲೆ ಹೂಡಿ, ಹೊಗೆಕೊಳವೆಯನ್ನು ಕಿಟಕಿಯಿಂದ ಹೊರಕ್ಕೆ ಹಾಯಿಸಬೇಕಾಯಿತು. ನಗು ಬರಿಸುವ ಈ ಚಿತ್ರದ ಪಕ್ಕದಲ್ಲೇ ನಗಲಾಗದ್ದೂ ಇದೆ. ಯಹೂದಿಗಳ ಹಕ್ಕು ಕಸಿದ ಕಾನೂನುಗಳೂ, 1942ರಲ್ಲಿ ಅವರನ್ನು ಹಿಡಿದು ಜರ್ಮನರಿಗೆ ಒಪ್ಪಿಸಿದ ಆಜ್ಞೆಗಳೂ ಹೊರಟಿದ್ದು ಇದೇ ಸರಕಾರದಿಂದ.

ಇಪ್ಪತ್ತೊಂದು ದಿನದ ಊರಿನಲ್ಲಿ ನಾಲ್ಕು ವರ್ಷ ಉಳಿದ ಪೆತೇನರನ್ನು 1944ರ ಆಗಸ್ಟ್ 20ರಂದು ಜರ್ಮನರೇ ಕರೆದೊಯ್ದರು. ಯುದ್ಧ ಮುಗಿದ ಮೇಲೆ ಹೋಟೆಲನ್ನು ವಿಂಗಡಿಸಿ ಅಪಾರ್ಟ್‌ಮೆಂಟುಗಳಾಗಿ ಮಾರಲಾಯಿತು. ಕೋಣೆಗಳ ನಂಬರು ಹೋಗಿ ಸಂಸಾರಗಳ ಹೆಸರು ಬಂದವು, ಒಗ್ಗರಣೆಯಲ್ಲದಿದ್ದರೂ ಯಾವುದೋ ಸಾರಿನ ವಾಸನೆ ಮೆಟ್ಟಿಲಿಗೆ ಇಳಿದಿರಬೇಕು. ಆದರೆ ಮಾರ್ಷಲರ ಕೋಣೆಗಳನ್ನು ಅವರ ಅಭಿಮಾನಿಗಳ ಸಂಘವೇ ಕೊಂಡುಕೊಂಡು, ಸಾರ್ವಜನಿಕರಿಗೆ ಪ್ರವೇಶವಿಲ್ಲದಂತೆ ಇಟ್ಟುಕೊಂಡಿತು. ಗೃಹಪ್ರವೇಶ ಮಾಡಿಕೊಂಡವರ ನಡುವೆ ಖಾಲಿ ಮಾಡದ ಗಿರಾಕಿ ಅವರೊಬ್ಬರೇ.

ಊರಿನವರ ಸಂಕಟವೂ ಇಂಥದ್ದೇ. ತಾವು ಆರಿಸಿ ಕರೆಯದ ಸರಕಾರಕ್ಕೆ ಜಗತ್ತು ತಮ್ಮ ಊರಿನ ಹೆಸರನ್ನೇ ಅಂಟಿಸಿ ‘ವಿಶಿ ಆಡಳಿತ’ ಎನ್ನುವುದು ಅವರಿಗೆ ಹಿಡಿಸದು. 2021ರಲ್ಲಿ ಯುನೆಸ್ಕೊ ಯುರೋಪಿನ ಹನ್ನೊಂದು ಸ್ನಾನದ ಊರುಗಳನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದಾಗ ವಿಶಿಯೂ ಅದರಲ್ಲಿತ್ತು, ನೀರಿನ ಹೆಸರಿನಲ್ಲಿ. ಆ ಹೋಟೆಲಿನ ನೆಲಮಹಡಿಯಲ್ಲಿ ಬಹುಕಾಲ ಪ್ರವಾಸಿ ಕಚೇರಿ ಇತ್ತು: ಕೆಳಗೆ ಬಂದವರಿಗೆ ಬುಗ್ಗೆಗಳ ನಕ್ಷೆ ಕೊಟ್ಟು ಕಳಿಸುತ್ತಿದ್ದರು, ಮೇಲೆ ಮೂರನೆಯ ಮಹಡಿಯ ಆ ಬಾಗಿಲು ಮುಚ್ಚಿಯೇ ಇರುತ್ತಿತ್ತು.