ಒರೆಸಿಹಾಕಲೆಂದೇ ಮಾಡಿದ ಕಲೆಗೆ ಕ್ಯಾಮೆರಾ ಬೇಕೆ?

ಪರ

ನೈಜೀರಿಯಾದಲ್ಲಿ 1964ರಲ್ಲಿ ಹುಟ್ಟಿ, ಲಾಗೋಸಿನ ಡೈಲಿ ಟೈಮ್ಸ್ ಪತ್ರಿಕೆಗೆ ಚಿತ್ರ ಬರೆಯುತ್ತಿದ್ದು, ಆಮೇಲೆ ಅಮೆರಿಕದಲ್ಲಿ ನೆಲೆಸಿದ ವಿಕ್ಟರ್ ಎಕ್‌ಪುಕ್, ಸಂಗ್ರಹಾಲಯಗಳ ಕಪ್ಪು ಗೋಡೆಗಳ ಮೇಲೆ ಬಿಳಿ ಸೀಮೆಸುಣ್ಣದಿಂದ ದೊಡ್ಡ ದೊಡ್ಡ ರಚನೆಗಳನ್ನು ಮಾಡುತ್ತಾರೆ. ಆಗ್ನೇಯ ನೈಜೀರಿಯಾದ ಪ್ರಾಚೀನ ಸಂಕೇತಲಿಪಿಯಾದ ನ್ಸಿಬಿಡಿಯೇ ಅವುಗಳ ಬೇರು. ಆದಷ್ಟು ಕಡಿಮೆ ಗೆರೆಗಳಲ್ಲಿ ಅರ್ಥವನ್ನು ಹಿಡಿಯುವ ಆ ಲಿಪಿಯ ಮಿತವ್ಯಯವು ಮಿನಿಮಲಿಸ್ಟ್ ಕಲೆಯನ್ನು ಕಂಡವರಿಗೆ ಹೊಸದೆನಿಸದು. ಪ್ರದರ್ಶನ ಮುಗಿದ ಮೇಲೆ ಅಂಥ ಗೋಡೆಗಳನ್ನು ಒರೆಸಿಬಿಡುತ್ತಾರೆ. ಫೋಟೊ ಇಲ್ಲದಿದ್ದರೆ ಆ ಗೋಡೆಯನ್ನು ಕಂಡವರೆಂದರೆ ಆ ಊರಿಗೆ ಹೋಗಬಲ್ಲವರಷ್ಟೇ ಆಗುತ್ತಾರೆ. ಆ ಲಿಪಿ ಹುಟ್ಟಿದ ಕ್ರಾಸ್ ರಿವರ್ ಸೀಮೆಯ ಜನರಲ್ಲಿ ಅಮೆರಿಕದ ವೀಸಾ ಸಿಗುವವರೆಷ್ಟು ಮಂದಿ?

ಅದೇ ದೇಶದ ಒವೆರಿ ಭಾಗದ ಇಗ್ಬೊ ಜನರು ಭೂದೇವತೆಯಾದ ಆಲಾಳಿಗಾಗಿ ಕಟ್ಟುತ್ತಿದ್ದ ಎಂಬಾರಿ ಮನೆಗಳಲ್ಲಿ ಸುಡದ ಮಣ್ಣಿನ ಆಳೆತ್ತರದ ಮೂರ್ತಿಗಳಿರುತ್ತಿದ್ದವು. ಮುಗಿದ ಮೇಲೆ ಅವುಗಳನ್ನು ಮಳೆಗೆ ಬಿಟ್ಟುಕೊಡುವುದೇ ಪದ್ಧತಿ. 1967ರಲ್ಲಿ ನೈಜೀರಿಯಾದ ಅಂತರ್ಯುದ್ಧವಾದ ಬಯಾಫ್ರಾ ಯುದ್ಧ ಶುರುವಾಯಿತು. ಅದಕ್ಕೆ ಮುಂಚೆ ಹರ್ಬರ್ಟ್ ಕೋಲ್ ಎಂಬ ಕಲಾ ಇತಿಹಾಸಕಾರರು ಅಲ್ಲಿ ಓಡಾಡಿ ತೆಗೆದ ಚಿತ್ರಗಳು ಇಲ್ಲದೇ ಹೋಗಿದ್ದರೆ, ಎಂಬಾರಿಯ ವಿಚಾರದಲ್ಲಿ ಇವತ್ತಿನ ಇಗ್ಬೊ ವಿದ್ಯಾರ್ಥಿಯ ಕೈಗೆ ಬಹಳ ಕಡಿಮೆ ಆಧಾರ ಸಿಗುತ್ತಿತ್ತು. ಅದೇ 1967ರಲ್ಲಿ ಬ್ರಿಟನ್ನಿನ ರಿಚರ್ಡ್ ಲಾಂಗ್ ಒಂದು ಹುಲ್ಲುಗಾವಲಿನಲ್ಲಿ ಹಿಂದೆ ಮುಂದೆ ನಡೆದು ಒಂದು ಗೆರೆ ಮೂಡಿಸಿದರು. ಹುಲ್ಲು ಮತ್ತೆ ಎದ್ದು ನಿಂತಿತು, ಉಳಿದದ್ದು ಕಪ್ಪು-ಬಿಳುಪಿನ ಒಂದು ಫೋಟೊ. ಕಲಾಲೋಕ ಕೃತಿಯೆಂದು ಒಪ್ಪಿಕೊಂಡದ್ದೂ ಅದನ್ನೇ.

ವಿರೋಧ

ಲಾಂಗ್ ಅವರ ಉದಾಹರಣೆ ಇಲ್ಲಿ ಸಲ್ಲುವುದಿಲ್ಲ, ಏಕೆಂದರೆ ಅವರು ಫೋಟೊಕ್ಕಾಗಿಯೇ ನಡೆದವರು. ಸೀಮೆಸುಣ್ಣದ ಆ ಕಪ್ಪು ಗೋಡೆಯ ಮುಂದೆ ನಿಂತು ಚಿತ್ರ ತೆಗೆದು ನೋಡಿದರೆ ಏನಾಗುತ್ತದೆಂಬುದು ತಿಳಿಯುತ್ತದೆ. ಕ್ಯಾಮೆರಾದ ಬೆಳಕಳೆಯುವ ಮೀಟರು ಕಪ್ಪನ್ನು ಕಪ್ಪೆಂದು ಒಪ್ಪದೆ ಬೂದುಬಣ್ಣದತ್ತ ಎಳೆಯುತ್ತದೆ. ಎಕ್ಸ್‌ಪೋಷರನ್ನು ಇಳಿಸಿ, ಅಂದರೆ ಒಳಬರುವ ಬೆಳಕನ್ನು ಕಡಿಮೆ ಮಾಡಿ, ಅದನ್ನು ಸರಿಪಡಿಸಹೊರಟರೆ, ಅಂಗೈ ತಾಗಿ ಸೀಮೆಸುಣ್ಣದ ಪುಡಿ ಹರಡಿದ ಮಸುಕು ಗುರುತು, ಅಂದರೆ ಮೈಯ ಇರವನ್ನು ತೋರುವ ಏಕೈಕ ಸಾಕ್ಷಿ, ಕತ್ತಲಲ್ಲಿ ಮುಳುಗುತ್ತದೆ. ಪಕ್ಕದಲ್ಲಿ ಯಾರಾದರೂ ನಿಲ್ಲದಿದ್ದರೆ ಗೋಡೆಯ ಗಾತ್ರವೇ ತಿಳಿಯದು. ಯಾವ ಗೆರೆ ಮೊದಲು, ಯಾವುದು ಆಮೇಲೆ ಎಂಬುದಂತೂ ಚಿತ್ರದಲ್ಲಿ ಇರುವುದೇ ಇಲ್ಲ.

ಇದು ಬರೀ ತಾಂತ್ರಿಕ ತಕರಾರಲ್ಲ. ನ್ಸಿಬಿಡಿಯಲ್ಲಿ ಎಲ್ಲರಿಗೂ ಗೊತ್ತಿರುವ ಚಿಹ್ನೆಗಳಿವೆ: ಒಂದಕ್ಕೊಂದು ಸೇರಿದ ಎರಡು ಬಾಗುಗೆರೆಗಳು ದಾಂಪತ್ಯವನ್ನು, ಬೆನ್ನು ತಿರುಗಿಸಿದವು ವಿರಸವನ್ನು ಸೂಚಿಸುತ್ತವೆ. ಆದರೆ ಎಕ್ಪೆ ಎಂಬ ಚಿರತೆ ಸಂಘದ ದೀಕ್ಷೆ ಪಡೆದವರಿಗಷ್ಟೇ ತೆರೆದುಕೊಳ್ಳುವ ಚಿಹ್ನೆಗಳೂ ಇವೆ, ಮತ್ತು ಅವು ಬರಹದಲ್ಲಿ ಮಾತ್ರವಲ್ಲದೆ ಕೈಸನ್ನೆಯಲ್ಲೂ ಇರುತ್ತವೆ. ಕ್ರಾಸ್ ರಿವರ್ ಸೀಮೆಯ ಕಲಬಾರ್ ಊರಿನಲ್ಲಿದ್ದ ಮಿಷನರಿ ಮ್ಯಾಕ್‌ಗ್ರೆಗರ್ 1909ರಲ್ಲಿ ಈ ಚಿಹ್ನೆಗಳನ್ನು ಅರ್ಥಸಮೇತ ಪ್ರಕಟಿಸಿದಾಗ, ಸನ್ನೆಯೂ ಸಂದರ್ಭವೂ ಹಿಂದೆ ಉಳಿದು, ಕಾಗದಕ್ಕೆ ಬಂದದ್ದು ಆಕಾರ ಮಾತ್ರ. ಕ್ಯಾಮೆರಾ ಅದಕ್ಕಿಂತ ಚುರುಕಾಗಿ ಅದೇ ಕೆಲಸವನ್ನು ಮಾಡುತ್ತದೆ. (ಎಕ್‌ಪುಕ್ ಬಳಸುವ ಚಿಹ್ನೆಗಳಲ್ಲಿ ಬಹಳಷ್ಟು ಅವರದೇ ಕಲ್ಪನೆಯವು ಎಂಬುದು ನಿಜ, ಫೋಟೊ ನೋಡಿದವರಿಗೆ ಆ ವ್ಯತ್ಯಾಸ ಹೇಗೆ ತಿಳಿಯಬೇಕು?)

ಎಂಬಾರಿಯ ವಾದವೂ ಮೇಲ್ನೋಟಕ್ಕೆ ಮಾತ್ರ ಗಟ್ಟಿ. ಅಲ್ಲಿ ಪುಣ್ಯವಿದ್ದದ್ದು ಕಟ್ಟುವುದರಲ್ಲಿ. ಮುಗಿದದ್ದನ್ನು ದುರಸ್ತಿ ಮಾಡುವುದು ಸಲ್ಲದು, ಮತ್ತೆ ಬೇಕೆನಿಸಿದರೆ ಹೊಸತನ್ನೇ ಕಟ್ಟಬೇಕು. ಅಂಥ ಮನೆಯ ಚಿತ್ರವನ್ನು ಕಾಪಿಡುವವರು ಅದರ ಅತ್ಯಂತ ಅಮುಖ್ಯವಾದ ಹಂತವನ್ನು ಕಾಪಿಡುತ್ತಾರೆ.

ಫೋಟೊ ಇಲ್ಲದೆ ಕಲೆ ಉಳಿಯದು ಎಂಬ ಭಯಕ್ಕೂ ಉತ್ತರವಿದೆ. ಜನರ ನಡೆನುಡಿಗಳಿಂದಲೇ ಕೃತಿ ರಚಿಸುವ ಕಲಾವಿದ ಟೀನೊ ಸೇಗಲ್ ತಮ್ಮ ಕೃತಿಗಳ ಚಿತ್ರ ತೆಗೆಯಲು ಬಿಡುವುದಿಲ್ಲ. ಆದರೂ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯ 2008ರಲ್ಲಿ ಅವರ ಒಂದು ಕೃತಿಯನ್ನು ಬಾಯಿಮಾತಿನ ಒಪ್ಪಂದದಲ್ಲೇ ಕೊಂಡಿತು. ಇದಕ್ಕಿಂತ ದೊಡ್ಡ ಸಾಕ್ಷಿ ನ್ಸಿಬಿಡಿಯದೇ. ಕಲಬಾರಿನ ಬಂದರಿನಿಂದ ಗುಲಾಮರಾಗಿ ಸಾಗಿಸಲ್ಪಟ್ಟವರು ಆ ಪರಂಪರೆಯನ್ನು ಕ್ಯೂಬಾಕ್ಕೆ ಹೊತ್ತೊಯ್ದದ್ದು ನೆನಪಿನಲ್ಲಿ. ಎಕ್ಪೆಯಿಂದಲೇ ಬೆಳೆದ ಅಲ್ಲಿನ ಅಬಾಕುವಾ ಸಂಘದವರು ಇಂದಿಗೂ ಆಚರಣೆಯ ಹೊತ್ತಿನಲ್ಲಿ ಸೀಮೆಸುಣ್ಣದಿಂದ ಚಿಹ್ನೆಗಳನ್ನು ಬರೆಯುತ್ತಾರೆ. ಕಲಿಸುವವರು ಮತ್ತು ಕಲಿಯುವವರು ಇದ್ದದ್ದರಿಂದ ಅದು ಸಮುದ್ರ ದಾಟಿತು. ಆಗಿನ್ನೂ ಕ್ಯಾಮೆರಾ ಹುಟ್ಟಿರಲಿಲ್ಲ.