ಯಾರ್ಡಿಗೆ ಬರುವವರು ಕಾಗದ ಬರೆದೇ ಬರಲಿ

ಸೆಕೆಂಡ್ ಹ್ಯಾಂಡ್ ಕಾರು ಮಾರುವವರ ಯಾರ್ಡಿಗೆ ಆರ್‌ಟಿಒದವರು ಸರ್ಚ್ ವಾರಂಟ್ ಇಲ್ಲದೆ ಬರಬಹುದಾ? ಬರಬಹುದು. 1988ರ ಮೋಟಾರು ವಾಹನ ಕಾಯ್ದೆಯ 213ನೇ ಸೆಕ್ಷನ್ನಿನಲ್ಲೇ ಅದಕ್ಕೆ ಅವಕಾಶ ಇದೆ. ಆದರೆ ಕಾಯ್ದೆ ಸುಮ್ನೆ ಬಿಟ್ಟಿಲ್ಲ, ಮೂರು ಕಟ್ಟುಪಾಡು ಹಾಕಿದೆ. ವಾರಂಟ್ ಇಲ್ಲದೆ ಹುಡುಕುವವರು ಗೆಜೆಟೆಡ್ ಅಧಿಕಾರಿ ಆಗಿರಬೇಕು. ಬರೀ ದಂಡದಲ್ಲಿ ಮುಗಿಯುವ ತಪ್ಪಾದರೆ ಸೂರ್ಯ ಮುಳುಗಿದ ಮೇಲೆ, ಹುಟ್ಟುವುದಕ್ಕೆ ಮೊದಲು ಹುಡುಕುವಂತಿಲ್ಲ. ಮೂರನೆಯದೇ ನನಗೆ ಮುಖ್ಯ: ವಾರಂಟ್ ಯಾಕೆ ತರಲಿಲ್ಲ ಅಂತ ಕಾರಣ ಬರೆದಿಟ್ಟು, ಮೇಲಧಿಕಾರಿಗೆ ವರದಿ ಕೊಡಬೇಕು.

ಇದನ್ನು ಹೇಳಿದರೆ ಗೆಳೆಯರೊಬ್ಬರು, "ಆ ಡೀಲರುಗಳ ಪರ ನೀನ್ಯಾಕಪ್ಪಾ ವಕಾಲತ್ತು ಹಾಕ್ತೀಯ?" ಅಂದರು. ನಾನು ಡೀಲರುಗಳ ಪರ ಅಲ್ಲ. ಕಾರು ಮಾರಿ ಕೈ ತೊಳೆದುಕೊಂಡೆ ಅಂತ ನಂಬಿ ಕೂತವರ ಪರ.

ಈ ದಂಧೆ ಹೇಗೆ ನಡೆಯುತ್ತೆ ನೋಡಿ. "ಸಾರ್, 29, 30 ಎರಡಕ್ಕೂ ಸೈನ್ ಹಾಕಿಬಿಡಿ, ಮಿಕ್ಕಿದ್ದು ನಾವು ನೋಡ್ಕೋತೀವಿ" ಅನ್ನುತ್ತಾರೆ. 29, 30 ಅಂದರೆ ಗಾಡಿಯನ್ನು ಇನ್ನೊಬ್ಬರ ಹೆಸರಿಗೆ ಮಾಡಿಸಲು ಆರ್‌ಟಿಒಗೆ ಕೊಡುವ ಫಾರಂಗಳು. ಅದರಲ್ಲಿ ಕೊಳ್ಳುವವರ ಹೆಸರು ಖಾಲಿ, ತಾರೀಖೂ ಖಾಲಿ. ಡೀಲರ್ ತನ್ನ ಹೆಸರಿಗೆ ಮಾಡಿಸಿಕೊಂಡರೆ ಮಾಲೀಕರ ಲೆಕ್ಕ ಒಂದು ಜಾಸ್ತಿಯಾಗಿ ಕಾರಿನ ಬೆಲೆ ಇಳಿಯುತ್ತೆ, ಫೀಸು ಬೇರೆ. ಅದಕ್ಕೇ ಕಾರು ತಿಂಗಳುಗಟ್ಟಲೆ ಹಳೇ ಮಾಲೀಕರ ಹೆಸರಲ್ಲೇ ಓಡಾಡುತ್ತೆ. ನಮ್ಮ ಭಾವನ ಕಾರೂ ಹೀಗೇ ಹೋಯಿತು. ಅವರು ಕಾಲೇ ಇಡದ ಊರಿನಿಂದ ಸಿಗ್ನಲ್ ಜಂಪ್ ಮೆಸೇಜು ಬಂತು. ಡೀಲರಿಗೆ ಫೋನ್ ಮಾಡಿದರೆ "ಪಾರ್ಟಿ ಇನ್ನೂ ಸಿಕ್ಕಿಲ್ಲ ಸಾರ್." ಪಾರ್ಟಿ ಸಿಗದೆ ಸಿಗ್ನಲ್ ಹಾರಿದ್ದು ಯಾರು? ಕೊನೆಗೆ ದಂಡ ಕಟ್ಟಿದ್ದು ಭಾವನೇ.

ದಂಡದಲ್ಲೇ ಮುಗಿದರೆ ಪುಣ್ಯ. 2007ರಲ್ಲಿ ಮಾರಿದ ಕಾರೊಂದು ಕೈಯಿಂದ ಕೈಗೆ ದಾಟಿ, 2009ರಲ್ಲಿ ಅಪಘಾತ ಮಾಡಿತು. ಆರ್‌ಸಿಯಲ್ಲಿ ಇದ್ದದ್ದು ಮೊದಲಿನವರ ಹೆಸರೇ. ಪರಿಹಾರದ ಹೊಣೆ ಅವರದ್ದೇ ಅಂತ 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು.

ಈ ತಲೆನೋವಿಗೆಂದೇ 2023ರ ಏಪ್ರಿಲ್ 1ರಿಂದ ಹೊಸ ನಿಯಮ ಬಂತು. ಹಳೇ ವಾಹನ ಮಾರುವ ಡೀಲರ್ ಆರ್‌ಟಿಒದಿಂದ ಐದು ವರ್ಷದ ಅನುಮತಿ ಪಡೆಯಬೇಕು. ಗಾಡಿ ಕೈಗೆ ಬಂದ ಕೂಡಲೇ, ಅದು ತನ್ನ ವಶಕ್ಕೆ ಬಂದಿದೆ ಅಂತ ಆರ್‌ಟಿಒಗೆ ತಿಳಿಸುವ ಫಾರಂ 29ಸಿ ಹಾಕಬೇಕು. ಆಮೇಲೆ ಅದು ಮಾರಾಟವಾಗುವವರೆಗೆ ಡೀಲರೇ ಮಾಲೀಕ, ಹೊಣೆಯೂ ಅವನದೇ. ಗಾಡಿ ಹೊರಗೆ ತೆಗೆದರೆ ಯಾಕೆ, ಯಾರು ಓಡಿಸಿದರು ಅಂತ ರಿಜಿಸ್ಟರಿನಲ್ಲಿ ಬರೆಯಬೇಕು. ನಿಯಮ ಚೆನ್ನಾಗಿದೆ. ಆದರೆ ರಿಜಿಸ್ಟರ್ ಇರೋದು ಡೀಲರ್ ಹತ್ತಿರ. ಯಾರಾದರೂ ಒಳಗೆ ಹೋಗಿ ನೋಡದಿದ್ದರೆ ಅದು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ.

ಹಾಗಾಗಿ ಹುಡುಕಲಿ, ಜಾಸ್ತಿನೇ ಹುಡುಕಲಿ. ನನ್ನ ಭಯ ಬೇರೆ. ಬ್ರೇಕ್ ಇನ್‌ಸ್ಪೆಕ್ಟರ್ ಬಂದರು, ಡ್ರಾಯರ್ ತೆಗೆದು ಖಾಲಿ ಫಾರಂಗಳ ಕಟ್ಟು ನೋಡಿದರು, ಟೀ ಕುಡಿದರು, ಹೋದರು. ಆ ಭೇಟಿಗೆ ಒಂದು ಸಾಲಿನ ದಾಖಲೆಯೂ ಇಲ್ಲದಿದ್ದರೆ ಅವತ್ತು ಅಲ್ಲಿ ಏನಾಯಿತು ಅಂತ ನಿಮಗೂ ಗೊತ್ತು, ನನಗೂ ಗೊತ್ತು. ಕೋರ್ಟಿನ ವಾರಂಟ್ ಇದ್ದರೆ, ಅಥವಾ ಬರೆದಿಟ್ಟ ಕಾರಣ ಇದ್ದರೆ, "ಏನು ಸಿಕ್ಕಿತು?" ಅಂತ ಆಮೇಲೆ ಯಾರಾದರೂ ಕೇಳಬಹುದು.

ವಾರಂಟ್ ತರುವಷ್ಟರಲ್ಲಿ ಫೈಲೇ ಮಾಯ ಆಗುತ್ತೆ ಅನ್ನುವ ವಾದ ಇದೆ. ಒಪ್ಪಿದೆ. ಅಂಥ ಹೊತ್ತಿಗೆಂದೇ ಗೆಜೆಟೆಡ್ ಅಧಿಕಾರಿಗೆ ಅವಕಾಶ ಕೊಟ್ಟಿರೋದು. ಕಾರಣ ಬರೆಯೋಕೆ ಹತ್ತು ನಿಮಿಷ ಬೇಕಾ? ಇನ್ನು ಕೆಲವರು ವಾರಂಟ್ ಇಲ್ಲದಿದ್ದರೆ ಕೇಸೇ ಬಿದ್ದುಹೋಗುತ್ತೆ ಅಂದುಕೊಂಡಿದ್ದಾರೆ. ಅದು ಅಮೆರಿಕದ ಸಿನಿಮಾ ನೋಡಿದ ಪರಿಣಾಮ. ಹುಡುಕಿದ ರೀತಿ ತಪ್ಪಾದ ಮಾತ್ರಕ್ಕೆ ಸಾಕ್ಷ್ಯ ತಳ್ಳಿಹಾಕಬೇಕಿಲ್ಲ ಅಂತ ನಮ್ಮ ಸುಪ್ರೀಂ ಕೋರ್ಟ್ 1970ರ ದಶಕದಲ್ಲೇ ಹೇಳಿದೆ. ಅಂದರೆ ಅಧಿಕಾರಿ ನಿಯಮ ಮುರಿದರೂ ಕೇಸಿಗೆ ದೊಡ್ಡ ಪೆಟ್ಟಿಲ್ಲ. ಅದಕ್ಕೇ ಇಲಾಖೆಯೇ ಬಿಗಿಯಾಗಿರಬೇಕು ಅನ್ನೋದು.

ಪೊಲೀಸರು ಹುಡುಕಾಡುವಾಗ ವಿಡಿಯೊ ಮಾಡಬೇಕು ಅಂತ 2024ರ ಜುಲೈ 1ರಿಂದ ಹೊಸ ಕಾನೂನು ಬಂದಿದೆ. ಯಾರ್ಡಿಗೆ ಹೋಗುವ ಆರ್‌ಟಿಒದವರೂ ಮೊಬೈಲ್ ಆನ್ ಮಾಡಿಕೊಂಡೇ ಹೋಗಲಿ. ಮಹಜರಿನ ಪ್ರತಿ ಡೀಲರಿಗೆ ಕೊಡಲಿ. ಮುಖ್ಯವಾಗಿ, ಅಲ್ಲಿ ಸಿಕ್ಕ ಪ್ರತಿ ಗಾಡಿಯ ಆರ್‌ಸಿ ಮಾಲೀಕರಿಗೆ "ನಿಮ್ಮ ಗಾಡಿ ಇಂಥ ಕಡೆ ನಿಂತಿದೆ, ಇನ್ನೂ ನಿಮ್ಮ ಹೆಸರಲ್ಲೇ ಇದೆ" ಅಂತ ಒಂದು ಮೆಸೇಜು ಹಾಕಲಿ. ದಂಡದ ಮೆಸೇಜು ಕಳಿಸೋಕೆ ನಂಬರ್ ಇಲಾಖೆ ಹತ್ತಿರ ಇದ್ದೇ ಇದೆಯಲ್ವಾ?